ಭಾನುವಾರ ಆಶ್ರಮದಲ್ಲಿ ಮನೆಯವರ ಸಭೆ

ಎಲ್ಲರಿಗೂ ನಮಸ್ಕಾರ.

ನಮ್ಮ ಹಿರಿಯರು ಇರುವ ಶಿರಸಿಯ ವೃದ್ಧಾಶ್ರಮದಲ್ಲಿ ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ಮನೆಯವರ ಸಭೆ ಇದೆ. ಕಾರವಾರ, ಕುಮಟಾ ಕಡೆಯವರು ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ.

ಸುಮ್ನೆ ಚಹಾ ಕುಡಿದು ಬರುವುದು ಬೇಡ. ಮಳೆಗಾಲ ಅಲ್ವಾ, ಮೊದಲು ಬಚ್ಚಲು ನೋಡೋಣ. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದು ಕಷ್ಟ. ಗೋಡೆಯ ಹಿಡಿಕೆ ಗಟ್ಟಿ ಇದೆಯೇ, ಅಂಗಳದ ಪಾಚಿ ಉಜ್ಜಿದ್ದಾರೆಯೇ, ಕರೆಂಟ್ ಹೋದಾಗ ಬಚ್ಚಲಿನ ದಾರಿಗೆ ಬೆಳಕಿದೆಯೇ? ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅದನ್ನು ಬರೆದಿಡುವ ಪುಸ್ತಕ ಕೇಳಿ ನೋಡಿ. ರಾತ್ರಿ ಪಾಳಿಗೆ ಎಷ್ಟು ಜನ, ಹಿಂಬಾಗಿಲಿಗೆ ಬೀಗ ಹಾಕಿ ಮಲಗುತ್ತಾರೆಯೇ, ಇದನ್ನೂ ಕೇಳಿ. ನನ್ನ ಪ್ರಕಾರ ಹೊಸ ಟಿವಿಗಿಂತ ಇವು ಮುಖ್ಯ.

ವೈದ್ಯರ ಚೀಟಿಯ ಪ್ರತಿ ತನ್ನಿ. ಅಲ್ಲಿನ ಮಾತ್ರೆ ಪಟ್ಟಿಗೆ ತಾಳೆ ಹಾಕೋಣ. ಕೆಲಸದವರ ಮೇಲೆ ರೇಗಬೇಡಿ, ಮಾತೇನಿದ್ದರೂ ವ್ಯವಸ್ಥಾಪಕರ ಹತ್ತಿರ.

ಯಾರಿಗಾದರೂ ಅಷ್ಟರೊಳಗೇ ತೊಂದರೆ ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತಾರೆ, ಕರೆ ಉಚಿತ.

ಬರುವವರು ಶುಕ್ರವಾರ ಸಂಜೆಯೊಳಗೆ ಎಷ್ಟು ಜನ ಎಂದು ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ, ಊಟಕ್ಕೆ ಹೇಳಬೇಕು.