ಪ್ರೀಮಿಯಂ ಖಾತೆಗೆ ವರ್ಷದ ಆದಾಯ ನೋಡಿ, ತಿಂಗಳ ಜಮಾ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಪ್ರಯಾಣದ ಪಾಯಿಂಟ್ಸ್ ಕೊಡುವ ಪ್ರೀಮಿಯಂ ಬ್ಯಾಂಕ್ ಖಾತೆಗಳ ಬಗ್ಗೆ ನಿಮ್ಮ ಹಣಕಾಸು ಪುಟದಲ್ಲಿ ಬಂದ ಲೇಖನ ಓದಿದೆ. ಏರ್ ಮೈಲ್ಸ್ (ವಿಮಾನದ ಟಿಕೆಟ್ಟಿಗೆ ಬಳಸುವ ಪಾಯಿಂಟ್ಸ್), ವಿಮಾನ ನಿಲ್ದಾಣದ ಲೌಂಜ್, ಪ್ರಯಾಣ ವಿಮೆ, ವಿದೇಶದಲ್ಲಿ ಕಾರ್ಡ್ ಉಜ್ಜಿದಾಗ ಬೀಳುವ ಶುಲ್ಕ, ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ಆದರೆ ‘ಆದಾಯದ ಷರತ್ತು ಪೂರೈಸಿದರೆ ಸಾಕು’ ಎಂದು ಒಂದೇ ಸಾಲಿನಲ್ಲಿ ಮುಖ್ಯ ವಿಷಯವನ್ನು ದಾಟಿಸಿಬಿಟ್ಟಿದ್ದಾರೆ. ನನ್ನಂಥವರು ಸಿಕ್ಕಿಹಾಕಿಕೊಳ್ಳುವುದೇ ಆ ಸಾಲಿನಲ್ಲಿ. ಅದಕ್ಕೇ ಈ ಪತ್ರ.

ನಾನು ಸಮ್ಮೇಳನಗಳಲ್ಲಿ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಯಾವ ಕಂಪನಿಯ ನೌಕರಳೂ ಅಲ್ಲ. ಕೆಲಸಕ್ಕೆ ಕರೆ ಬಂದರೆ ವಿಮಾನದ ಟಿಕೆಟ್, ಹೋಟೆಲ್ ಎಲ್ಲ ಮೊದಲು ನನ್ನ ಕೈಯಿಂದಲೇ ಹೋಗಬೇಕು. ಆಮೇಲೆ ಬಿಲ್ ಕಳಿಸಿ ಕಾಯಬೇಕು. ಹಾಗಾಗಿ ಪ್ರಯಾಣಕ್ಕೆ ಪಾಯಿಂಟ್ಸ್ ಕೊಡುವ ಖಾತೆ ನನಗೆ ಶೋಕಿಯಲ್ಲ, ಕೆಲಸದ ಖರ್ಚನ್ನು ನಿಜವಾಗಿಯೂ ತಗ್ಗಿಸುವ ಸಾಧನ. ಸಮ್ಮೇಳನಗಳ ಕಾಲದಲ್ಲಿ ಕೈತುಂಬ ಕೆಲಸ, ಉಳಿದ ತಿಂಗಳು ಅಷ್ಟಕ್ಕಷ್ಟೇ. ಬಿಲ್ ಪಾಸಾಗುವುದಕ್ಕೆ 60 ದಿನ, 90 ದಿನ ತೆಗೆದುಕೊಳ್ಳುವ ಸಂಸ್ಥೆಗಳಿವೆ. ಕೆಲವು ಸಲ ಮೂರು ಕಡೆಯ ದುಡ್ಡು ಒಂದೇ ವಾರದಲ್ಲಿ ಬಂದು ಬೀಳುತ್ತದೆ, ಆಮೇಲೆ ಎಷ್ಟೋ ದಿನ ಏನೂ ಬರುವುದಿಲ್ಲ. ವರ್ಷದ ಲೆಕ್ಕ ಹಾಕಿದರೆ ಬ್ಯಾಂಕ್ ಕೇಳುವ ಆದಾಯಕ್ಕಿಂತ ನನ್ನದು ಜಾಸ್ತಿಯೇ ಇದೆ. ಅದಕ್ಕೆ ತೆರಿಗೆಯನ್ನೂ ಕಟ್ಟುತ್ತಿದ್ದೇನೆ.

ಆದರೂ ಖಾತೆ ಸಿಗಲಿಲ್ಲ. ಶಾಖೆಯಲ್ಲಿ ಅರ್ಜಿ ತುಂಬುವಾಗ ಕಂಪನಿಯ ಹೆಸರು ಕೇಳುವ ಅಂಕಣ ಬಂತು. ಸ್ವಂತ ಕೆಲಸ ಎಂದೆ. ಅಧಿಕಾರಿ ಹಾಗೆಯೇ ಟೈಪ್ ಮಾಡಿದರು, ಪರದೆ ಮುಂದಕ್ಕೆ ಹೋಗಲಿಲ್ಲ. ಅಲ್ಲಿರುವ ಪಟ್ಟಿಯಿಂದಲೇ ಒಂದನ್ನು ಆರಿಸಬೇಕಂತೆ. ಬೇರೆ ದಾರಿ ನೋಡೋಣ ಎಂದು ಅವರು ನನ್ನ ಹಳೆಯ ಖಾತೆಯ ಜಮಾ ವಿವರ ತೆಗೆದು, ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ತಿಂಗಳಿಗೊಂದು ಚೌಕ. ಎರಡು ಹಸಿರು, ಒಂದು ಕೆಂಪು. ಹಸಿರು ಚೌಕಗಳಲ್ಲಿದ್ದ ಮೊತ್ತ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಕೆಂಪು ತಿಂಗಳಲ್ಲಿ ಬರಬೇಕಿದ್ದ ದುಡ್ಡು ಮುಂದಿನ ತಿಂಗಳ ಮೊದಲ ವಾರ ಜಮಾ ಆಗಿತ್ತು. ಅದೇ ಪರದೆಯ ಕೆಳಗೆ ಆ ಸಾಲೂ ಕಾಣುತ್ತಿತ್ತು. ಬೆರಳಿಟ್ಟು ತೋರಿಸಿದೆ.

‘ನನಗೆ ಅರ್ಥ ಆಗುತ್ತೆ ಮೇಡಂ. ಆದ್ರೆ ಸಿಸ್ಟಂ ತಗೊಳ್ಳಲ್ಲ. ಪ್ರತಿ ತಿಂಗಳೂ ಬಂದಿರ್ಬೇಕು’ ಎಂದರು.

ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ತಾಳ್ಮೆಯಿಂದ ಕೂತು ವಿವರಿಸಿದರು. ನಿಯಮ ಬರೆದವರು ಅವರಲ್ಲ. ಆದರೆ ಹೊರಡುವಾಗ ಮೆಲ್ಲಗೆ ಹೇಳಿಕೊಟ್ಟ ಉಪಾಯ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಬೇರೆ ಬ್ಯಾಂಕಿನಲ್ಲಿರುವ ನನ್ನದೇ ಖಾತೆಯಿಂದ ತಿಂಗಳ ಒಂದನೇ ತಾರೀಕು ದುಡ್ಡು ಹಾಕಿಕೊಳ್ಳಬೇಕಂತೆ. ಮಾರನೇ ದಿನ ಅದನ್ನೇ ವಾಪಸ್ ಕಳಿಸಬೇಕಂತೆ. ಚೌಕ ಹಸಿರಾಗುತ್ತದೆ. ಎಷ್ಟೋ ಜನ ಹಾಗೇ ಮಾಡುತ್ತಾರಂತೆ.

ಯೋಚಿಸಿ ನೋಡಿ. ನಾನು ದುಡಿದ ದುಡ್ಡು ಒಂದು ವಾರ ತಡವಾಗಿ ಬಂದರೆ ಲೆಕ್ಕಕ್ಕಿಲ್ಲ. ಅದೇ ದುಡ್ಡನ್ನು ಸುಮ್ನೆ ಅತ್ತಿಂದಿತ್ತ ಓಡಾಡಿಸಿದರೆ ಅದು ಆದಾಯ! ಇದರಿಂದ ಬ್ಯಾಂಕಿಗೆ ಒಂದು ದಿನವೂ ನೆಟ್ಟಗೆ ಠೇವಣಿ ಉಳಿಯುವುದಿಲ್ಲ. ಗ್ರಾಹಕರಿಗೆ ಮಾತ್ರ ನಾಟಕ ಆಡುವ ಅಭ್ಯಾಸವಾಗುತ್ತದೆ. ಇನ್ನು ಕೆಲವರು ಅರ್ಜಿಯಲ್ಲೇ ಆದಾಯ ಏರಿಸಿ ಬರೆಯುತ್ತಾರೆ. ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ಖಾತೆ ಮುಚ್ಚಬಹುದು, ಮುಂದೆ ಸಾಲ ಸಿಗುವುದೂ ಕಷ್ಟವಾಗಬಹುದು. ಪಾಯಿಂಟ್ಸ್ ಆಸೆಗೆ ಯಾರೂ ಆ ದಾರಿ ಹಿಡಿಯಬಾರದು ಎಂದು ಕೈಮುಗಿದು ಕೇಳುತ್ತೇನೆ.

ಬ್ಯಾಂಕುಗಳು ಯಾಕೆ ಆದಾಯ ಕೇಳುತ್ತವೆ ಎಂಬುದು ನನಗೆ ತಿಳಿಯದ್ದಲ್ಲ. ಕ್ರೆಡಿಟ್ ಕಾರ್ಡ್ ಕೊಡುವಾಗ ತೀರಿಸುವ ಶಕ್ತಿ ಇದೆಯೇ ಎಂದು ನೋಡಲೇಬೇಕು, ಅದು ಸರಿ. ಆದರೆ ಬರೀ ಖಾತೆಯಲ್ಲಿ ಇರುವುದು ನಮ್ಮದೇ ದುಡ್ಡು. ತಿಂಗಳ ಶುಲ್ಕ ಕಟ್ಟುವವರೂ ನಾವೇ. ಅಲ್ಲಿ ಆದಾಯ ಕೇಳುವುದು ವ್ಯಾಪಾರದ ಲೆಕ್ಕಾಚಾರಕ್ಕೆ. ತಿಂಗಳು ತಿಂಗಳು ಸಂಬಳ ಬಂದರೆ ಕಡಿಮೆ ಬಡ್ಡಿಯ ಠೇವಣಿ ಸಿಗುತ್ತದೆ. ಆ ಗ್ರಾಹಕರಿಗೆ ಗೃಹಸಾಲ, ವಿಮೆ, ಹೂಡಿಕೆ ಮಾರಬಹುದು. ಜೊತೆಗೆ ಕಾರ್ಡ್ ಉಜ್ಜಿದಾಗೆಲ್ಲ ವ್ಯಾಪಾರಿ ಕೊಡುವ ಶುಲ್ಕದಲ್ಲಿ ಒಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಪಾಯಿಂಟ್ಸ್‌ಗೆ ದುಡ್ಡು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಯುರೋಪಿಯನ್ ಒಕ್ಕೂಟ 2015ರಲ್ಲಿ ಈ ಪಾಲಿಗೆ ಮಿತಿ ಹಾಕಿತು. ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲದ ಅಮೆರಿಕದಲ್ಲಿ ಪಾಯಿಂಟ್ಸ್ ಧಾರಾಳ. ಅಂದರೆ ಪ್ರಯಾಣಕ್ಕೆ ಜಾಸ್ತಿ ಖರ್ಚು ಮಾಡುವ ಗ್ರಾಹಕರು ಬ್ಯಾಂಕಿಗೆ ಬೇಕಾದವರೇ, ಸಂಬಳದ ದಿನ ಯಾವುದೇ ಇರಲಿ.

ವಿಮಾನ ಕಂಪನಿಗಳಿಗೂ ಇದು ಸಣ್ಣ ವ್ಯವಹಾರವಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲ್ಸ್ ಯೋಜನೆ ಶುರು ಮಾಡಿದಾಗ ಅದು ಪದೇ ಪದೇ ಹಾರುವವರನ್ನು ಹಿಡಿದಿಟ್ಟುಕೊಳ್ಳುವ ಉಪಾಯವಾಗಿತ್ತು. ಈಗ ಕಂಪನಿಗಳು ಬ್ಯಾಂಕುಗಳಿಗೆ ಮೈಲ್ಸನ್ನು ಸಗಟಾಗಿ ಮಾರುತ್ತವೆ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಅಮೆರಿಕದ ಇನ್ನೊಂದು ವಿಮಾನ ಕಂಪನಿ ಡೆಲ್ಟಾ ತನ್ನ ಮೈಲ್ಸ್ ಯೋಜನೆಯನ್ನೇ ಅಡವಿಟ್ಟು 9 ಬಿಲಿಯನ್ ಡಾಲರ್ ಸಾಲ ಎತ್ತಿತು. ಇಷ್ಟು ದೊಡ್ಡ ವ್ಯಾಪಾರದಲ್ಲಿ ಒಬ್ಬ ಗ್ರಾಹಕಿಯ ಹನ್ನೆರಡು ತಿಂಗಳ ಜಮಾ ಕೂಡಿಸಿ ನೋಡುವುದು ಅಷ್ಟು ಕಷ್ಟವೇ?

ಸಂಬಳದವರಿಗೂ ಇದು ಸುಲಭವಿಲ್ಲ. ಜಾಹೀರಾತಿನಲ್ಲಿ ಒಂದು ಮೊತ್ತ ಇರುತ್ತದೆ. ಅದು ಕಡಿತಕ್ಕೆ ಮುಂಚಿನ ಸಂಬಳವೋ, ಕೈಗೆ ಬರುವ ಸಂಬಳವೋ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದಿಲ್ಲ. ಅರ್ಜಿಯಲ್ಲಿ ಒಟ್ಟು ಸಂಬಳ ಒಪ್ಪಿಕೊಂಡು, ಆಮೇಲೆ ಪರಿಶೀಲನೆಯಲ್ಲಿ ಖಾತೆಗೆ ಬಿದ್ದ ಮೊತ್ತವನ್ನಷ್ಟೇ ನೋಡಿದರೆ ಏನಾಗುತ್ತದೆ? ತೆರಿಗೆ, ಭವಿಷ್ಯನಿಧಿ ಹಿಡಿದ ಮೇಲೆ ಗೆರೆಗಿಂತ ಸ್ವಲ್ಪ ಕೆಳಗೆ ಬಿದ್ದವರು ಹೊರಗೆ. ಬೋನಸ್ ಸೇರುತ್ತದೆಯೇ? ಬಾಡಿಗೆ? ಬಡ್ಡಿ? ಗಂಡ ಹೆಂಡತಿ ಇಬ್ಬರ ಸಂಬಳ ಜಂಟಿ ಖಾತೆಗೆ ಬಂದರೆ ಕೂಡಿಸಿ ನೋಡುತ್ತಾರೆಯೇ, ಬೇರೆ ಬೇರೆಯಾಗಿಯೇ? ಬ್ಯಾಂಕಿಗೊಂದು ಉತ್ತರ. ಒಂದೇ ಬ್ಯಾಂಕಿನಲ್ಲೂ ಶಾಖೆ ಒಂದು ಹೇಳಿದರೆ ಸಹಾಯವಾಣಿ ಇನ್ನೊಂದು ಹೇಳುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಹೆರಿಗೆ ರಜೆಯ ವಿಷಯ. ನನ್ನ ಸ್ನೇಹಿತೆಯೊಬ್ಬಳು ಮಗುವಾದ ಮೇಲೆ ಸಂಬಳವಿಲ್ಲದ ರಜೆ ಮುಂದುವರಿಸಿದಳು. ಖಾತೆಯಲ್ಲಿ ಉಳಿತಾಯ ಸಾಕಷ್ಟಿತ್ತು. ಆದರೆ ಸಂಬಳ ನಿಂತಿತಲ್ಲ, ತ್ರೈಮಾಸಿಕ ಪರಿಶೀಲನೆಯಲ್ಲಿ ಅವಳ ಖಾತೆ ಸಾಮಾನ್ಯ ದರ್ಜೆಗೆ ಇಳಿಯಿತು. ಕೂಡಿಟ್ಟ ಪಾಯಿಂಟ್ಸನ್ನು ಇಂತಿಷ್ಟು ದಿನದೊಳಗೆ ಬಳಸಿ, ಇಲ್ಲದಿದ್ದರೆ ರದ್ದು ಎಂದು ಸಂದೇಶ ಬಂತು. ಎಳೆ ಮಗು ಮಡಿಲಲ್ಲಿರುವವಳು ಎಲ್ಲಿಗೆ ಪ್ರಯಾಣ ಹೋಗಬೇಕು? ವರ್ಷಗಟ್ಟಲೆ ಅವಳು ಸಂಬಳ ತಂದು ಹಾಕಿದ್ದೆಲ್ಲ ಆ ಸಂದೇಶದಲ್ಲಿ ಲೆಕ್ಕಕ್ಕೇ ಬಂದಿರಲಿಲ್ಲ.

ದರ್ಜೆ ಇಳಿಸುವುದರಲ್ಲಿ ಇನ್ನೊಂದು ಅಪಾಯವಿದೆ, ಓದುಗರು ದಯವಿಟ್ಟು ಗಮನಿಸಬೇಕು. ಖಾತೆಯ ಜೊತೆ ಬರುವ ಪ್ರಯಾಣ ವಿಮೆ ಸಾಮಾನ್ಯವಾಗಿ ಖಾತೆ ಆ ದರ್ಜೆಯಲ್ಲಿ ಇರುವವರೆಗೆ ಮಾತ್ರ. ಟಿಕೆಟ್ ಕೊಂಡಾಗ ವಿಮೆ ಇತ್ತು, ಹೊರಡುವ ಹೊತ್ತಿಗೆ ಇಲ್ಲ ಎಂದಾಗಬಹುದು. ಟಿಕೆಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕು ಎಂಬ ಷರತ್ತು ಎಷ್ಟೋ ಕಡೆ ಇದೆ. ವಯಸ್ಸಿನ ಮಿತಿಯೂ ಇರುತ್ತದೆ. ನನ್ನ ಅಕ್ಕ ನಿವೃತ್ತ ಶಿಕ್ಷಕಿ. ಅವಳ ಪಿಂಚಣಿ ಗೆರೆ ಮುಟ್ಟದಿದ್ದರೂ ಠೇವಣಿಯ ಲೆಕ್ಕದಲ್ಲಿ ಇಂಥ ಖಾತೆ ಸಿಕ್ಕಿತು. ಖುಷಿಯಿಂದ ಮಗನ ಊರಿಗೆ ಹೊರಟಾಗ ವಿಮೆಯ ಪತ್ರ ಬಿಡಿಸಿ ಓದಿದೆವು. ಅವಳ ವಯಸ್ಸಿಗೆ ಅದು ಅನ್ವಯವೇ ಆಗುತ್ತಿರಲಿಲ್ಲ. ಬೇರೆ ವಿಮೆ ಕೊಂಡು ಕಳಿಸಿದೆವು. ಖಾತೆ ಮಾರುವಾಗ ಯಾರೂ ಆ ಮಾತು ಎತ್ತಿರಲಿಲ್ಲ.

ಇನ್ನು ಪಾಯಿಂಟ್ಸ್‌ನ ಬೆಲೆ. ‘ಉಚಿತ’ ಟಿಕೆಟ್ಟಿಗೂ ತೆರಿಗೆ, ಸರ್‌ಚಾರ್ಜ್ ಕೈಯಿಂದ ಕಟ್ಟಬೇಕು. ಪಾಯಿಂಟ್ಸ್‌ಗೆ ಬಿಡುವ ಸೀಟುಗಳು ಕಡಿಮೆ. ಒಂದು ಟಿಕೆಟ್ಟಿಗೆ ಎಷ್ಟು ಪಾಯಿಂಟ್ಸ್ ಎಂಬುದನ್ನು ಕಂಪನಿ ಯಾವಾಗ ಬೇಕಾದರೂ ಏರಿಸಬಹುದು. ವರ್ಷಕ್ಕೆ ಒಂದೆರಡು ಸಲ ಹಾರುವವರು ತಿಂಗಳ ಶುಲ್ಕವನ್ನು ಹನ್ನೆರಡರಿಂದ ಗುಣಿಸಿ ನೋಡಿದರೆ ಬಹಳಷ್ಟು ಜನರಿಗೆ ಈ ಖಾತೆಯೇ ಬೇಡ ಅನ್ನಿಸಬಹುದು. ಬೇಕಾಗಿರುವ ನಮ್ಮಂಥವರ ಪರವಾಗಿ ನಾನು ಬರೆಯುತ್ತಿದ್ದೇನೆ.

ಬ್ಯಾಂಕುಗಳನ್ನು ನಾನು ಕೇಳುವುದು ದೊಡ್ಡದೇನಲ್ಲ. ಗೆರೆ ಎಷ್ಟು ಎತ್ತರದಲ್ಲಾದರೂ ಇರಲಿ, ಅದು ಅವರ ಇಷ್ಟ. ಆದರೆ ಅಳೆಯುವುದು ಹನ್ನೆರಡು ತಿಂಗಳಿಗೆ ಇರಲಿ. ತೆರಿಗೆ ರಿಟರ್ನನ್ನು ಆದಾಯದ ಪುರಾವೆಯಾಗಿ ಒಪ್ಪಲಿ. ಯಾವುದು ಲೆಕ್ಕಕ್ಕೆ, ಯಾವುದು ಇಲ್ಲ ಎಂದು ಅರ್ಜಿಯ ಮೊದಲ ಪುಟದಲ್ಲೇ ಬರೆಯಲಿ. ದರ್ಜೆ ಇಳಿಸುವ ಮುಂಚೆ ಸಾಕಷ್ಟು ಸಮಯ ಕೊಟ್ಟು ತಿಳಿಸಲಿ, ಕೊಂಡ ಟಿಕೆಟ್ಟಿನ ಪ್ರಯಾಣ ಮುಗಿಯುವವರೆಗೆ ವಿಮೆ ತೆಗೆಯದಿರಲಿ. ಗಳಿಸಿದ ಪಾಯಿಂಟ್ಸ್ ಗ್ರಾಹಕರದ್ದು, ಅವನ್ನು ಕಿತ್ತುಕೊಳ್ಳುವುದು ಬೇಡ.

ಹೀಗೆ ಅಳೆಯುವುದು ಆಗದ ಕೆಲಸವಲ್ಲ. ಇದೇ ಬ್ಯಾಂಕ್ ನನಗೆ ಮನೆ ಸಾಲ ಕೊಟ್ಟಿದೆ. ಆಗ ಹಿಂದಿನ ವರ್ಷಗಳ ರಿಟರ್ನ್ ತರಿಸಿಕೊಂಡು ಸರಾಸರಿ ತೆಗೆದರು, ಒಂದು ತಿಂಗಳು ಜಮಾ ಇಲ್ಲ ಎಂದು ಯಾರೂ ತಕರಾರು ಮಾಡಲಿಲ್ಲ. ಅವರದೇ ದುಡ್ಡು ಅಷ್ಟೊಂದು ವರ್ಷ ನನ್ನ ಕೈಯಲ್ಲಿಡುವುದಕ್ಕೆ ಸಾಕಾದ ಲೆಕ್ಕ, ನನ್ನ ದುಡ್ಡನ್ನು ಅವರ ಕೈಯಲ್ಲಿಡುವುದಕ್ಕೆ ಸಾಲದೇ? ನಿಮ್ಮ ಹಣಕಾಸು ಪುಟದವರು ಈ ಪ್ರಶ್ನೆಯನ್ನು ಬ್ಯಾಂಕುಗಳ ಮುಂದಿಟ್ಟು, ಬಂದ ಉತ್ತರಗಳನ್ನು ಬ್ಯಾಂಕಿನ ಹೆಸರಿನೊಂದಿಗೆ ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ಒಬ್ಬ ಸ್ವತಂತ್ರ ದುಭಾಷಿ