ಸಂಡೇ ಸ್ಕೂಲಿನಲ್ಲಿ ಅಕ್ಷರವನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಹಾಸನದ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ನಾನು ಬಹಳ ಕಾಲದಿಂದ ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವ ಸಂಡೇ ಸ್ಕೂಲ್ ಟೀಚರ್. ಈಚೆಗೆ ನಮ್ಮ ಕಮಿಟಿಯಲ್ಲಿ ಒಂದು ಮಾತು ಎದ್ದಿದೆ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಇನ್ನು ಪಾಠವನ್ನೆಲ್ಲ ಇಂಗ್ಲಿಷ್‌ನಲ್ಲೇ ಮಾಡಿಬಿಡಿ ಅಂತ. ನನಗೆ ಇದು ಒಪ್ಪಿಗೆಯಿಲ್ಲ.

ಓದಲು ಬರುವುದಿಲ್ಲ ಅನ್ನುವುದೇನೋ ನಿಜ. ಹೋದ ತಿಂಗಳು ಬೈಬಲಿನ ಲೂಕನ ಸುವಾರ್ತೆಯಿಂದ ಒಳ್ಳೆಯ ಸಮಾರ್ಯದವನ ಕಥೆ ಓದಿಸುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗ, ಶಾಲೆಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆಯುವವನೇ, ‘ಸಮಾರ್ಯ’ದ ಹತ್ತಿರ ಬಂದು ನಿಂತುಬಿಟ್ಟ. ಅರ್ಕಾವತ್ತಿನ ಮೇಲೆ ಬೆರಳಿಟ್ಟು, “ಟೀಚರ್, ಇಲ್ಲಿ ಯಾಕೆ ಒಂಬತ್ತು ಬರೆದಿದ್ದಾರೆ?” ಅಂದ. ನಗು ಬಂತು, ಹೊಟ್ಟೆಯೂ ಉರಿಯಿತು. ಅವನ ಪಕ್ಕದಲ್ಲಿದ್ದ ಹುಡುಗಿ ಸರ್ಕಾರಿ ಶಾಲೆಯವಳು. ತಾಯಿ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾರೆ, ಇವಳು ಇಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಾಳೆ. ಪುಸ್ತಕ ಈಸಿಕೊಂಡು, ಕಥೆಯ ದಾರಿಹೋಕ ಕಳ್ಳರ ಕೈಗೆ ಸಿಕ್ಕಿದಲ್ಲಿಂದ ಛತ್ರದವನಿಗೆ ದುಡ್ಡು ಕೊಡುವವರೆಗೆ ಎಲ್ಲೂ ತಡವರಿಸದೆ ಓದಿದಳು. ಪಾಠ ಇಂಗ್ಲಿಷ್‌ಗೆ ಹೋದರೆ ಮೊದಲು ಸುಮ್ಮನಾಗುವವಳು ಇವಳೇ ಅಲ್ವಾ?

ಯುವಜನ ಸಂಘದವರ ಕಥೆಯೂ ಅಷ್ಟೇ. ಕೀರ್ತನೆಗಳನ್ನು ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡು ಹಾಡುತ್ತಾರೆ. ರಾಗ ತಾಳ ಚೆನ್ನಾಗಿಯೇ ಇರುತ್ತದೆ. ಲ ಯಾವುದು, ಳ ಯಾವುದು ಅಂತ ಮಾತ್ರ ಕೇಳಬಾರದು.

ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು ಅಂತ 2015ರಲ್ಲೇ ಕಾಯ್ದೆ ಬಂತು. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾದರೆ ಸಾಕು ಅನ್ನುವ ಮನೆಯಲ್ಲಿ ಕಾಯ್ದೆ ಏನು ಮಾಡೀತು? ರಾಜ್ಯೋತ್ಸವ ಬಂದರೆ ನಾವು ಕ್ರೈಸ್ತರು ಕಿಟ್ಟೆಲ್ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. 1894ರ ಅವರ ನಿಘಂಟಿನಲ್ಲಿ ಒಂದು ಪದ ಹುಡುಕು ಅಂದರೆ ನಮ್ಮ ಎಷ್ಟೋ ಮಕ್ಕಳಿಗೆ ಕ ಆದಮೇಲೆ ಯಾವ ಅಕ್ಷರ ಅನ್ನುವುದೇ ಗೊತ್ತಿಲ್ಲ.

“ಅಕ್ಷರ ಕಲಿಸುವುದು ಸಂಡೇ ಸ್ಕೂಲಿನ ಕೆಲಸವಲ್ಲ” ಎಂದು ಕಮಿಟಿಯ ಹಿರಿಯರೊಬ್ಬರು ಹೇಳಿದರು. ಆದರೆ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಶುರು ಮಾಡಿಸಿದ್ದು ಇದೇ ಕೆಲಸವನ್ನು. ವಾರವೆಲ್ಲ ದುಡಿಯುತ್ತಿದ್ದ ಬಡ ಮಕ್ಕಳಿಗೆ ಭಾನುವಾರ ಓದು ಕಲಿಸಿ, ಆ ಓದಿನ ಜೊತೆಗೇ ಬೈಬಲ್ ಕಲಿಸಿದರು. ಅವರೂ ನಿಮ್ಮ ಹಾಗೆ ಪತ್ರಿಕೆ ನಡೆಸುತ್ತಿದ್ದವರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ!

ನಾನು ಕೇಳುವುದು ಜಾಸ್ತಿಯೇನಲ್ಲ. ಭಾನುವಾರದ ತರಗತಿಯಲ್ಲಿ ಅರ್ಧ ಗಂಟೆ ಬರೀ ಗಟ್ಟಿಯಾಗಿ ಓದಿಸುವುದಕ್ಕೆ ಬಿಡಿ. ಚೆನ್ನಾಗಿ ಓದುವವರನ್ನು ತಡವರಿಸುವವರ ಪಕ್ಕ ಕೂರಿಸಿ, ತೋಟದ ಕಡೆಯ ಮಕ್ಕಳೇ ಕಲಿಸಲಿ. ಪಿಯುಸಿ, ಡಿಗ್ರಿ ಓದುವವರು ಚಿಕ್ಕವರಿಗೆ ಕಾಪಿ ಬರೆಸಲಿ, ಅವರ ಅಕ್ಷರವೂ ಸುಧಾರಿಸುತ್ತದೆ. ತಂದೆ ತಾಯಂದಿರು ಭಾನುವಾರ ಬೆಳಗ್ಗಿನ ಟ್ಯೂಷನ್ನನ್ನು ಸಂಜೆಗೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಬೇಸಿಗೆ ರಜೆಯ ವಿಬಿಎಸ್‌ಗೆ (ರಜೆಯ ಬೈಬಲ್ ಶಾಲೆಗೆ) ಪ್ರತಿ ವರ್ಷ ಟೀ ಶರ್ಟ್, ಕ್ಯಾಪು ಹೊಲಿಸುತ್ತೇವಲ್ಲ, ಒಂದು ವರ್ಷ ಅದನ್ನು ಬಿಟ್ಟು ಆ ದುಡ್ಡಿಗೆ ದಪ್ಪ ಅಕ್ಷರದ ಕನ್ನಡ ಸತ್ಯವೇದ (ಬೈಬಲ್) ತರಿಸಿಕೊಡಿ. ಓದಿಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ.

– ಸಂಡೇ ಸ್ಕೂಲ್ ಟೀಚರ್, ಹಾಸನ