ನಡೆಯುವವರು, ಸೈಕಲ್ಲು, ಸ್ಕೇಟು: ಮೂವರಿಗೂ ಒಂದೇ ಫಲಕ ಸಾಲದು

ಮಾನ್ಯ ಸಂಪಾದಕರೇ,

ರಸ್ತೆ ಸುರಕ್ಷತೆಯ ಮಾತು ಬಂದಾಗಲೆಲ್ಲ ಪಾದಚಾರಿ, ಸೈಕಲ್ ಸವಾರ, ಸ್ಕೇಟಿಂಗ್ ಮಾಡುವವರು ಮೂವರನ್ನೂ ‘ಮೋಟಾರು ಇಲ್ಲದವರು’ ಎಂದು ಒಂದೇ ಗಂಟಿನಲ್ಲಿ ಕಟ್ಟಿಬಿಡುವುದು ರೂಢಿ. ಸ್ಥಳೀಯ ಆಡಳಿತಗಳು ಹಾಕುವ ಫಲಕಗಳಲ್ಲೂ ಹಾಗೆಯೇ: ಮೂವರಿಗೂ ಒಂದು ದಾರಿ, ಒಂದು ಸಾಲಿನ ಸೂಚನೆ. ಎಂಜಿನ್ ಇಲ್ಲ ಎಂಬುದೊಂದನ್ನು ಬಿಟ್ಟರೆ ಈ ಮೂವರಲ್ಲಿ ಹೋಲಿಕೆ ತೀರಾ ಕಡಿಮೆ. ನಿಲ್ಲಲು ಎಷ್ಟು ದೂರ ಬೇಕು, ಚಲಿಸಲು ಎಷ್ಟು ಅಗಲ ಬೇಕು, ಅಪಾಯ ಕಂಡಾಗ ಥಟ್ಟನೆ ಪಕ್ಕಕ್ಕೆ ಸರಿಯಲು ಆಗುತ್ತದೆಯೇ? ಈ ಮೂರು ಪ್ರಶ್ನೆ ಕೇಳಿಕೊಂಡರೆ ಮೂವರ ನಿಯಮ ಏಕೆ ಬೇರೆ ಇರಬೇಕೆಂಬುದು ಗೊತ್ತಾಗುತ್ತದೆ.

ಮೊದಲು ಯಾವ ಬದಿ ಎಂಬ ಪ್ರಶ್ನೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಎದುರಿಂದ ಬರುವ ವಾಹನಗಳಿಗೆ ಮುಖ ಮಾಡಿ ನಡೆಯಬೇಕು. ವಾಹನಗಳು ಎಡಕ್ಕೆ ಸಾಗುವ ಕಡೆ ಎಂದರೆ ರಸ್ತೆಯ ಬಲ ಅಂಚಿನಲ್ಲಿ. ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಪ್ಪಂದ ಹೇಳುವುದೂ ಇದನ್ನೇ. ಇದನ್ನು ಅರ್ಧ ಕೇಳಿಸಿಕೊಂಡವರು ಸೈಕಲ್ಲನ್ನೂ ಎದುರು ದಿಕ್ಕಿನಲ್ಲಿ ಓಡಿಸುತ್ತಾರೆ. ಇದು ದೊಡ್ಡ ತಪ್ಪು. ಕಾರು ಗಂಟೆಗೆ 40 ಕಿ.ಮೀ., ಸೈಕಲ್ಲು 15 ಕಿ.ಮೀ. ವೇಗದಲ್ಲಿದ್ದರೆ, ಒಂದೇ ದಿಕ್ಕಿನಲ್ಲಿ ಸಾಗುವಾಗ ಅವೆರಡರ ವೇಗದ ಅಂತರ 25 ಕಿ.ಮೀ. ಎದುರು ಬದುರಾದರೆ ಅದೇ 55. ನಡೆಯುವವರು ಒಂದು ಹೆಜ್ಜೆ ಇಟ್ಟರೆ ರಸ್ತೆಯಿಂದ ಆಚೆ. ಸೈಕಲ್ಲಿಗೆ ಅಡ್ಡ ಹೆಜ್ಜೆ ಎಂಬುದಿಲ್ಲ, ಅದು ವಾಲಿಯೇ ತಿರುಗಬೇಕು. ಜೊತೆಗೆ ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿ ಮುಖ್ಯರಸ್ತೆ ಸೇರುವ ಚಾಲಕ ನೋಡುವುದು ತನ್ನ ಬಲಕ್ಕೆ. ಎಡದಿಂದ ಬರುವ ಸೈಕಲ್ಲು ಅವನ ಲೆಕ್ಕದಲ್ಲೇ ಇರುವುದಿಲ್ಲ.

ಇಲ್ಲಿ ಎರಡು ಅಪವಾದಗಳಿವೆ, ಇವನ್ನು ಯಾರೂ ಹೇಳಿಕೊಡುವುದಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಹೋಗುವವರನ್ನು ಪಾದಚಾರಿ ಎಂದೇ ಪರಿಗಣಿಸಬಹುದಾದರೂ, ಅದೇ ವಿಯೆನ್ನಾ ಒಪ್ಪಂದದ ಪ್ರಕಾರ ರಸ್ತೆಯ ಮೇಲೆ ಅವರು ವಾಹನ ಸಾಗುವ ಬದಿಯಲ್ಲೇ ಇರಬೇಕು. ಗುಂಪಾಗಿ, ಮೆರವಣಿಗೆಯಾಗಿ ಹೋಗುವವರಿಗೂ ಹಾಗೆಯೇ. ಇನ್ನೊಂದು, ಬಲಕ್ಕೆ ಬಳಸುವ ಕುರುಡು ತಿರುವು. ಅಲ್ಲಿ ಬಲ ಅಂಚಿನಲ್ಲಿರುವ ಪಾದಚಾರಿ ತಿರುವಿನ ಒಳಮಗ್ಗುಲಲ್ಲಿ ಮರೆಯಾಗಿಬಿಡುತ್ತಾರೆ. ತಿರುವಿಗೆ ಸಾಕಷ್ಟು ಮೊದಲೇ ರಸ್ತೆ ದಾಟಿ ಎಡಬದಿಗೆ ಬಂದು, ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಹೋಗುವುದು ಕ್ಷೇಮ.

ನಿಲ್ಲುವ ದೂರದ ವಿಷಯಕ್ಕೆ ಬರೋಣ. ಮೂವರೂ ಹಂಚಿಕೊಳ್ಳುವ ದಾರಿಯಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಗಂಟೆಗೆ 20 ಕಿ.ಮೀ. ವೇಗದ ಸೈಕಲ್ಲು ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಅಡ್ಡಿ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್, ಆಮೇಲೆ ಒಣ ನೆಲದಲ್ಲಿ ನಿಲ್ಲಲು ಇನ್ನೈದು ಮೀಟರ್: ಒಟ್ಟು ಸುಮಾರು 11 ಮೀಟರ್. ವೇಗ 30 ಆದರೆ ಇದು 20 ಮೀಟರ್ ಮುಟ್ಟುತ್ತದೆ. ವೇಗ ಏರಿದ್ದು ಒಂದೂವರೆ ಪಟ್ಟು, ದೂರ ಹೆಚ್ಚುಕಡಿಮೆ ಎರಡು ಪಟ್ಟು. ನೆಲ ಒದ್ದೆಯಾಗಿದ್ದು, ರಿಮ್ ಹಿಡಿಯುವ ಹಳೆಯ ಬ್ರೇಕ್ ಕೂಡ ಇದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ನಡೆಯುವವರೋ ಒಂದೆರಡು ಹೆಜ್ಜೆಯಲ್ಲಿ ನಿಲ್ಲುತ್ತಾರೆ, ಅಷ್ಟೇ ಥಟ್ಟನೆ ತಿರುಗಿಯೂ ಬಿಡುತ್ತಾರೆ. ಆದ್ದರಿಂದ ಬೆಲ್ ಹೊಡೆಯುವುದು ಬೆನ್ನ ಹಿಂದೆ ಬಂದ ಮೇಲಲ್ಲ, ಹತ್ತು ಹನ್ನೆರಡು ಮೀಟರ್ ಇರುವಾಗಲೇ. ತೀರಾ ಹತ್ತಿರ ಬಂದು ಬಾರಿಸಿದರೆ ಬೆಚ್ಚಿದವರು ಯಾವ ಕಡೆಗೆ ಹಾರುತ್ತಾರೋ ಹೇಳಲಾಗದು. ಬೆಲ್ ಹೊಡೆದೆನಲ್ಲ ಎಂದು ವೇಗ ಇಳಿಸದೆ ನುಗ್ಗುವುದಂತೂ ಸಲ್ಲದು. ಎಲ್ಲರಿಗೂ ಕಿವಿ ಕೇಳಿಸುತ್ತದೆ ಎಂದೇನಿಲ್ಲ.

ಸ್ಕೇಟಿಂಗ್ ಮಾಡುವವರದು ಬೇರೆಯೇ ಕಥೆ. ಚಕ್ರ ಸಾಲಾಗಿರುವ ಇನ್‌ಲೈನ್ ಸ್ಕೇಟಿನಲ್ಲಿ ಕಾಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಚಾಚಿಯೇ ವೇಗ ಹುಟ್ಟಬೇಕು. ಹೀಗಾಗಿ ಒಬ್ಬರಿಗೇ ಸುಮಾರು ಒಂದೂವರೆ ಮೀಟರ್ ಅಗಲ ಬೇಕು, ನಡೆಯುವವರಿಗೆ ಅದರರ್ಧ ಸಾಕು. ಎರಡು ಮೀಟರಿನ ದಾರಿಯಲ್ಲಿ ‘ಸ್ಕೇಟಿಂಗ್‌ಗೆ ಅವಕಾಶವಿದೆ’ ಎಂದು ಬರೆದರೆ ಎದುರಿನವರನ್ನು ಅಂಚಿನಾಚೆಗೆ ತಳ್ಳಿದಂತೆಯೇ. ಮೂವರಿಗೂ ಬಿಡುವ ದಾರಿ ಮೂರು ಮೀಟರಿಗಿಂತ ಕಿರಿದಿರಬಾರದು. ಎದುರು ಯಾರಾದರೂ ಬಂದಾಗ ಕಾಲು ಬೀಸುವುದನ್ನು ನಿಲ್ಲಿಸಿ, ಎರಡೂ ಪಾದ ಜೋಡಿಸಿ ತೇಲಿಕೊಂಡು ದಾಟುವುದು ಸ್ಕೇಟರ್ ಪಾಲಿಸಬೇಕಾದ ಮೊದಲ ನಿಯಮ.

ಬ್ರೇಕ್ ವಿಚಾರದಲ್ಲಿ ಹೆಚ್ಚಿನವರು ಎಡವುತ್ತಾರೆ. ಸಾಮಾನ್ಯವಾಗಿ ಬಲಗಾಲಿನ ಸ್ಕೇಟಿನ ಹಿಮ್ಮಡಿಯಲ್ಲಿ ಒಂದು ರಬ್ಬರ್ ತುಂಡು ಇರುತ್ತದೆ. ಆ ಕಾಲನ್ನು ಮುಂದೆ ಚಾಚಿ, ಬೆರಳ ತುದಿ ಮೇಲೆತ್ತಿ, ಮಂಡಿ ಬಗ್ಗಿಸಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಬೇಕು. ಇದು ಸೈಕಲ್ಲಿನ ಕೈಬ್ರೇಕಿನಷ್ಟು ಚುರುಕಲ್ಲ: 15 ಕಿ.ಮೀ. ವೇಗಕ್ಕೇ ಎಂಟೊಂಬತ್ತು ಮೀಟರ್ ಬೇಕಾಗುತ್ತದೆ. ರಬ್ಬರ್ ಸವೆದಿದ್ದರೆ ಅಥವಾ ‘ಅಂದ ಕೆಡುತ್ತದೆ’ ಎಂದು ಬಿಚ್ಚಿಟ್ಟಿದ್ದರೆ (ಇದು ಬಹಳ ಕಡೆ ನಡೆಯುತ್ತದೆ) ಇಳಿಜಾರಿನಲ್ಲಿ ದೇವರೇ ಗತಿ. ಸ್ಕೇಟ್‌ಬೋರ್ಡಿಗಂತೂ ಬ್ರೇಕೇ ಇಲ್ಲ, ಪಾದ ಉಜ್ಜಿಯೇ ನಿಲ್ಲಿಸಬೇಕು. ಸಣ್ಣ ಚಕ್ರಕ್ಕೆ ಚರಂಡಿಯ ಜಾಲರಿ, ಒಂದೆರಡು ಸೆಂಟಿಮೀಟರ್ ಎದ್ದ ಕಲ್ಲು, ಒದ್ದೆಯಾದ ಬಿಳಿ ಬಣ್ಣದ ಪಟ್ಟೆ ಎಲ್ಲವೂ ಕಂಟಕ. ಅಂಥ ಸಣ್ಣ ಕಲ್ಲನ್ನು ಸೈಕಲ್ಲಿನ ದೊಡ್ಡ ಚಕ್ರ ಸುಲಭವಾಗಿ ದಾಟಿಬಿಡುತ್ತದೆ, ಆದರೆ ಜಾಲರಿ, ಒದ್ದೆ ಪಟ್ಟೆ ಅದಕ್ಕೂ ಅಪಾಯವೇ. ಜರ್ಮನಿ 2009ರಲ್ಲಿ ನಿಯಮ ತಿದ್ದುವಾಗ ಸ್ಕೇಟನ್ನು ವಾಹನವಲ್ಲ ಎಂದು ಸ್ಪಷ್ಟಪಡಿಸಿ ಫುಟ್‌ಪಾತಿಗೆ ಸೇರಿಸಿತು. ಸೈಕಲ್ ಪಥಕ್ಕೆ ಇಳಿಯಲು ಮಾತ್ರ ಅಲ್ಲಿ ಪ್ರತ್ಯೇಕ ಫಲಕ ಬೇಕು. ಒಳ್ಳೆಯದೋ ಕೆಟ್ಟದ್ದೋ, ತಾನು ಎಲ್ಲಿರಬೇಕು ಎಂಬುದಾದರೂ ಸ್ಕೇಟರ್‌ಗೆ ಗೊತ್ತಿರುತ್ತದೆ. ಅನೇಕ ಕಡೆ ಅಷ್ಟೂ ಇಲ್ಲ.

ಇನ್ನು ದಾಟುವ ಸಮಯ. ಸಿಗ್ನಲ್ ಹೊಂದಿಸುವಾಗ ಮನುಷ್ಯರ ನಡಿಗೆ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುವುದು ಹಳೆಯ ರೂಢಿ. ಆ ಲೆಕ್ಕದಲ್ಲಿ 12 ಮೀಟರ್ ರಸ್ತೆಗೆ 10 ಸೆಕೆಂಡ್. ಕೋಲೂರಿ ನಡೆಯುವವರ ವೇಗ 0.8 ಇದ್ದರೆ 15 ಸೆಕೆಂಡ್ ಬೇಕು. ಆ ಐದು ಸೆಕೆಂಡಿನಲ್ಲಿ ಅವರು ರಸ್ತೆಯ ಮೇಲೆಯೇ ಇರುತ್ತಾರೆ. ಅಮೆರಿಕದ ಸಿಗ್ನಲ್, ಫಲಕಗಳ ಅಧಿಕೃತ ಕೈಪಿಡಿ 2009ರಲ್ಲೇ ಈ ಅಂಕಿಯನ್ನು ಸುಮಾರು 1.07ಕ್ಕೆ ಇಳಿಸಿತು. ಹಸಿರು ಮನುಷ್ಯ ಮಿನುಗತೊಡಗಿದರೆ ‘ಓಡಿ’ ಎಂದು ಅರ್ಥವಲ್ಲ. ಇಳಿಯದವರು ಇಳಿಯಬೇಡಿ, ಇಳಿದವರು ನಿಮ್ಮ ನಡಿಗೆಯಲ್ಲೇ ದಾಟಿ ಮುಗಿಸಿ ಎಂದು. ಜೀಬ್ರಾ ಪಟ್ಟೆಯ ಮೇಲೆ ಸೈಕಲ್ ಏರಿ ದಾಟುವುದೂ ಅಪಾಯ. ಚಾಲಕರು ಅಲ್ಲಿ ನಡಿಗೆಯ ವೇಗವನ್ನು ನಿರೀಕ್ಷಿಸಿರುತ್ತಾರೆ, ಸೈಕಲ್ಲು ಅದರ ಮೂರ್ನಾಲ್ಕು ಪಟ್ಟು ವೇಗದಲ್ಲಿ ಎದುರಾಗುತ್ತದೆ.

ದೊಡ್ಡ ಜಂಕ್ಷನ್ನಿನಲ್ಲಿ ಬಲಕ್ಕೆ ಹೋಗಬೇಕಾದ ಸೈಕಲ್ ಸವಾರರು ನಡುಪಥಕ್ಕೆ ನುಗ್ಗದೆ ಎರಡು ಹಂತದಲ್ಲಿ ತಿರುಗಬಹುದು: ಹಸಿರು ಬಂದಾಗ ಎಡಬದಿಯಲ್ಲೇ ನೇರ ಹೋಗಿ ಆಚೆ ಮೂಲೆಯಲ್ಲಿ ನಿಲ್ಲಿ, ಸೈಕಲ್ಲನ್ನು ಬಲಕ್ಕೆ ತಿರುಗಿಸಿ, ಆ ದಿಕ್ಕಿನ ಹಸಿರಿಗೆ ಕಾಯಿರಿ. ಎಡಕ್ಕೆ ತಿರುಗಲಿರುವ ಲಾರಿ ಬಸ್ಸುಗಳ ಎಡಮಗ್ಗುಲಿಗೆ ಮಾತ್ರ ಎಂದೂ ನುಸುಳಬಾರದು. ಉದ್ದದ ವಾಹನದ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡು ಹಿಡಿಯುವುದಿಲ್ಲ, ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ. ಚಾಲಕನ ಕನ್ನಡಿಗೆ ಸವಾರ ಬೀಳದ ಜಾಗವೂ ಅದೇ. ನಿಂತ ಕಾರುಗಳ ಸಾಲಿನಿಂದ ಕನಿಷ್ಠ ಒಂದು ಮೀಟರ್ ದೂರ ಇಟ್ಟುಕೊಳ್ಳಿ, ಬಾಗಿಲು ತೆರೆದುಕೊಂಡರೂ ಬಡಿಯುವ ಸಂಭವ ಕಡಿಮೆ. ರಾತ್ರಿಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಕೆಂಪು ರಿಫ್ಲೆಕ್ಟರ್. ಇದರಲ್ಲಿ ಚರ್ಚೆಗೇನೂ ಇಲ್ಲ.

ಸ್ಥಳೀಯ ಆಡಳಿತಗಳಿಗೆ ಒಂದು ಕೋರಿಕೆ. ಸೈಕಲ್ ಪಥ ಥಟ್ಟನೆ ಮುಗಿಯುವ ಕಡೆಯೆಲ್ಲ ‘ಇಳಿದು ತಳ್ಳಿ’ ಎಂಬ ಫಲಕ ನೆಟ್ಟು ಕೈತೊಳೆದುಕೊಳ್ಳಬೇಡಿ. ಇಳಿದವರು ಎಷ್ಟು ದೂರ ತಳ್ಳಬೇಕು, ಯಾವ ಬದಿಯಲ್ಲಿ, ಮತ್ತೆ ಎಲ್ಲಿ ಹತ್ತಬಹುದು ಎಂಬುದನ್ನು ಅದೇ ಫಲಕದಲ್ಲಿ ಬಾಣದ ಗುರುತಿನೊಂದಿಗೆ ಬರೆಯಿರಿ. ಮಂಡಿನೋವಿನಿಂದ ನಡೆಯಲಾಗದೆ ಸೈಕಲ್ಲನ್ನೇ ಆಸರೆ ಮಾಡಿಕೊಂಡವರೂ ಇದ್ದಾರೆ. ಅವರು ಇಳಿಯದೆಯೇ ನಿಧಾನವಾಗಿ ಸಾಗಲು ಪಕ್ಕದಲ್ಲಿ ಒಂದು ಇಳಿಜಾರು ಅಂಚು ಬಿಡಿ.

ಇತಿ,
ಒಬ್ಬ ಓದುಗ